ಎಸ್ತ್ರೆಮದೂರಾದ ಕ್ರೇನ್‌ಗಳು, ನಮ್ಮ ಮಕ್ಕಳು

ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ಸಂಕ್ರಾಂತಿ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಈಗ ರಾತ್ರಿ ಹನ್ನೊಂದು ದಾಟಿದೆ. ಹಬ್ಬದ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತಲೇ ಕೂತೆ. ಆದರೆ ಎಳ್ಳು, ಬೆಲ್ಲ, ಕಬ್ಬು, ಕಿಚ್ಚು ಹಾಯಿಸುವುದು, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಕಿವಿಯಲ್ಲಿ ಇನ್ನೂ ಸ್ಪೇನಿನ ಕ್ರೇನ್ ಹಕ್ಕಿಗಳ ಕೂಗೇ ತುಂಬಿದೆ. ಹಾಗಾಗಿ ಈ ಸಲ ಅದನ್ನೇ ಬರೆಯುತ್ತೇನೆ. ಕೊನೆಯಲ್ಲಿ ಒಂದು ಬೇಡಿಕೆ ಇದೆ, ದಯವಿಟ್ಟು ಅಲ್ಲಿಯವರೆಗೂ ಓದಿ.

ಕ್ರಿಸ್‌ಮಸ್ ರಜೆಗೆ ನಾವು ಮನೆಮಂದಿ ಎಸ್ತ್ರೆಮದೂರಾಕ್ಕೆ ಹೋಗಿದ್ದೆವು. ಅದು ಸ್ಪೇನಿನ ಪಶ್ಚಿಮಕ್ಕೆ, ಪೋರ್ಚುಗಲ್ ಗಡಿಗೆ ಅಂಟಿಕೊಂಡಿರುವ ಸೀಮೆ. ಕಾಸೆರೆಸ್, ಬದಹೋಸ್ ಅಂತ ಎರಡೇ ಜಿಲ್ಲೆ. ಸಮುದ್ರ ಇಲ್ಲ, ಬೀಚ್ ಇಲ್ಲ. ಇಂಗ್ಲೆಂಡಿನಿಂದ ಸ್ಪೇನಿಗೆ ಹೋಗುವವರು ಆ ಕಡೆ ತಿರುಗುವುದೇ ಕಡಿಮೆ. ಚಳಿಗಾಲದಲ್ಲಿ ಹಕ್ಕಿ ನೋಡುವ ಹುಚ್ಚಿರುವವರು ಮಾತ್ರ ಹುಡುಕಿಕೊಂಡು ಹೋಗುತ್ತಾರೆ. ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲಿ ಇಳಿದರೆ ಗೈಡ್ ವ್ಯಾನ್ ತಂದು ಕಾಯುತ್ತಿರುತ್ತಾರೆ. ಅಲ್ಲಿಂದ ತ್ರುಹೀಯೊ ಊರಿಗೆ ಸುಮಾರು 250 ಕಿಲೋಮೀಟರ್. ಚಿಕ್ಕ ಗುಂಪು, ಒಂದು ದೊಡ್ಡ ದೂರದರ್ಶಕ, ಹಳ್ಳಿಮನೆಯಲ್ಲಿ ವಾಸ. ನಮ್ಮ ಗೈಡ್ ಅಲ್ಲಿಯದೇ ರೈತರ ಮನೆಯ ಹೆಣ್ಣುಮಗಳು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆ ದಾಟಿದ ಮೇಲೆ. ಹಕ್ಕಿ ನೋಡಲು ನಡುರಾತ್ರಿ ಏಳಬೇಕು ಅನ್ನುವ ಭಯ ಯಾರಿಗೂ ಬೇಡ. ಸಂಜೆ ಆರರವರೆಗೂ ಬೆಳಕಿರುತ್ತದೆ. ಇಲ್ಲಿ ನಾಲ್ಕಕ್ಕೇ ಕತ್ತಲಾಗುವುದನ್ನು ನೋಡಿ ನೋಡಿ ಸಾಕಾಗಿದ್ದ ನಮಗೆ ಅದೇ ಒಂದು ಹಬ್ಬ.

ತ್ರುಹೀಯೊದಲ್ಲಿ ಮೊದಲ ದಿನವೇ ಕಂಡದ್ದು ಚರ್ಚಿನ ಗೋಪುರದ ಮೇಲೆ ಕೊಕ್ಕರೆ ಗೂಡು. ಒಂದಲ್ಲ, ಹಳೇ ಊರಿನ ಗೋಪುರಗಳಲ್ಲಿ ಎಲ್ಲಿ ನೋಡಿದರೂ ಕಡ್ಡಿಯ ರಾಶಿ. ಬಿಳಿ ಕೊಕ್ಕರೆಗಳು ಹಿಂದೆ ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗಿಬಿಡುತ್ತಿದ್ದವು. ಫೆಬ್ರವರಿ 3ರಂದು ಸ್ಯಾನ್ ಬ್ಲಾಸ್ ಹಬ್ಬ. ಆ ಹೊತ್ತಿಗೆ ಕೊಕ್ಕರೆ ಕಾಣುತ್ತದೆ ಅಂತ ಅಲ್ಲೊಂದು ಗಾದೆಯೇ ಇದೆ. ಈಗ ಎಷ್ಟೋ ಕೊಕ್ಕರೆಗಳು ಆಫ್ರಿಕಾದ ದಾರಿ ಹಿಡಿಯುವುದೇ ಇಲ್ಲ. ಕಸ ಸುರಿಯುವ ಜಾಗದಲ್ಲಿ, ಭತ್ತದ ಗದ್ದೆಯ ಕೆಂಪು ಸಿಗಡಿಯಲ್ಲಿ ಹೊಟ್ಟೆ ತುಂಬುತ್ತದೆ. ಗೂಡಿನ ಮೇಲೆ ನಿಂತ ಜೋಡಿ ತಲೆಯನ್ನು ಬೆನ್ನಿಗೆ ತಾಗುವ ಹಾಗೆ ಬಾಗಿಸಿ ಕೊಕ್ಕು ಕಟಕಟ ಬಡಿಯಿತು. ನನಗೆ ಅಲ್ಲಿ ಮುಂದೆ ಹೆಜ್ಜೆ ಇಡಲು ಆಗಲಿಲ್ಲ.

ಅಮ್ಮನ ಚಿಕ್ಕಮ್ಮನ ಮನೆ ಕೊಕ್ಕರೆ ಬೆಳ್ಳೂರಿನಲ್ಲಿತ್ತು. ಮದ್ದೂರಿನಿಂದ ಬಸ್ಸು. ನಾವು ಅವರನ್ನು ಚಿಕ್ಕಜ್ಜಿ ಅನ್ನುತ್ತಿದ್ದೆವು. ಸಂಕ್ರಾಂತಿ ಮುಗಿಸಿ ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಅಮ್ಮ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ಆ ಹೊತ್ತಿಗೆ ಊರಿಗೆ ಹಕ್ಕಿ ಬರುತ್ತಿತ್ತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್). ಕಾಡಿನಲ್ಲಲ್ಲ, ಊರ ನಡುವೆಯೇ, ಮನೆಗಳ ಹಿತ್ತಿಲ ಹುಣಸೆ ಮರದಲ್ಲಿ, ಅತ್ತಿ ಮರದಲ್ಲಿ, ಅರಳಿ ಮರದಲ್ಲಿ ಗೂಡು. ಚಿಕ್ಕಜ್ಜಿಯ ಹಿತ್ತಿಲ ಹುಣಸೆ ಮರದಡಿ ಒಂದು ಗುಂಡಿ ತೋಡಿರುತ್ತಿದ್ದರು. ಕೆರೆ ಗೋಡು ತಂದು ಗುಂಡಿಗೆ ಹಾಕುವುದು. ಹಕ್ಕಿ ಹಿಕ್ಕೆ ಅದರ ಮೇಲೆ ಬೀಳುವುದು. ಮಳೆಗಾಲಕ್ಕೆ ಅದೇ ಗೊಬ್ಬರ ಗದ್ದೆಗೆ. ಹೆಂಚಿನ ಮೇಲೆಲ್ಲ ಬಿಳಿ ಬಳಿದ ಗುರುತು. ಮೀನು ವಾಸನೆ ಅಂದರೆ ಹೊಟ್ಟೆ ತೊಳಸುವಷ್ಟು. ಶಿಂಷಾ ಕಡೆಯಿಂದ, ಸುತ್ತಲ ಕೆರೆಗಳಿಂದ ತಂದ ಮೀನು ಎಷ್ಟೋ ಸಲ ಮರಿಯ ಬಾಯಿಗೆ ಬೀಳದೆ ನಮ್ಮ ಅಂಗಳಕ್ಕೆ ಬೀಳುತ್ತಿತ್ತು. ರಾತ್ರಿ ಜಗಲಿಯಲ್ಲಿ ಮಲಗಿದರೆ ತಲೆಯ ಮೇಲೆ ಕೊಕ್ಕು ಬಡಿಯುವ ಸದ್ದು. ನಿದ್ದೆ ಬರುತ್ತಿರಲಿಲ್ಲ. ನಾನು ಒಂದು ಸಲ ಅತ್ತೆ. ಆಗ ಚಿಕ್ಕಜ್ಜಿ ಹೇಳಿದರು, "ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಕಣವ್ವಾ ಅವು. ಸದ್ದು ಮಾಡ್ತವೆ ಅಂತ ಬಯ್ಯಬಾರ್ದು." ಊರಲ್ಲಿ ಎಲ್ಲರೂ ಹೇಳುತ್ತಿದ್ದ ಮಾತೇ ಅದು. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನಾಗಾಗುತ್ತದೆ ಅಂತ ನಂಬಿಕೆ. ಗಾಳಿಗೆ ಗೂಡಿನಿಂದ ಬಿದ್ದ ಮರಿಯನ್ನು ಯಾವುದೋ ಮನೆಯ ಹುಡುಗ ಎತ್ತಿಕೊಂಡು ಹೋಗಿ ಮೀನು ತಿನ್ನಿಸಿ ಸಾಕುತ್ತಿದ್ದ. ಈಗ ಹೆಜ್ಜಾರ್ಲೆ ಬಳಗ ಅಂತ ಊರವರೇ ಸೇರಿ ಆ ಕೆಲಸ ಮಾಡುತ್ತಾರೆ. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶ ಅಂತ ಸರ್ಕಾರವೂ ಘೋಷಿಸಿತು. ಚಿಕ್ಕಜ್ಜಿ ಈಗಿಲ್ಲ. ಆ ಹುಣಸೆ ಮರವೂ ಇಲ್ಲ.

ಇದನ್ನೆಲ್ಲ ಮಗಳಿಗೆ ತ್ರುಹೀಯೊದ ಚೌಕದಲ್ಲಿ ನಿಂತೇ ಹೇಳಿದೆ. ಅವಳಿಗೆ ಮನೆಯಲ್ಲಿ ಹೇಳಿದ್ದರೆ ಇಷ್ಟು ಹೊತ್ತು ಕೇಳುತ್ತಿರಲಿಲ್ಲ. ಗೋಪುರದ ಮೇಲೆ ಹಕ್ಕಿ ಇತ್ತು, ಹಾಗಾಗಿ ಕೇಳಿದಳು.

ಮೊನ್‌ಫ್ರಾಗ್ವೆ ರಾಷ್ಟ್ರೀಯ ಉದ್ಯಾನದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಜಾಗ ಕಡಿಮೆ ಇದೆ. ತಾಹೋ ನದಿಯ ಪಕ್ಕ ಎದ್ದು ನಿಂತ ದೊಡ್ಡ ಬಂಡೆ, ಅದರ ತುಂಬ ರಣಹದ್ದು. ಡಿಸೆಂಬರಿನಲ್ಲೇ ಜೋಡಿಗಳು ಕಡ್ಡಿ ಹೊತ್ತು ಗೂಡು ಕಟ್ಟುತ್ತಿದ್ದವು. ನಾವು ಮೇಲಿಂದ ಅವುಗಳ ಬೆನ್ನು ನೋಡುತ್ತಿದ್ದೆವು. ಕರಿ ರಣಹದ್ದು ಈ ಉದ್ಯಾನದಲ್ಲಿ 300ಕ್ಕೂ ಹೆಚ್ಚು ಜೋಡಿ ಇವೆ. ರಾಮನಗರದ ರಾಮದೇವರ ಬೆಟ್ಟ ನೆನಪಾಗದೆ ಇರುತ್ತದಾ? 2012ರಲ್ಲಿ ಅದನ್ನು ರಣಹದ್ದು ಧಾಮ ಮಾಡಿದರೂ ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ, ನಮ್ಮ ದೇಶದ ರಣಹದ್ದುಗಳನ್ನು ಹೇಗೆ ಮುಗಿಸಿತು ಅಂತ ಜಗತ್ತಿಗೇ ಗೊತ್ತು. ಭಾರತ 2006ರಲ್ಲಿ ದನಗಳಿಗೆ ಅದನ್ನು ಕೊಡಬಾರದು ಅಂತ ನಿಷೇಧಿಸಿತು. ಅದೆಲ್ಲ ಗೊತ್ತಿದ್ದೂ ಸ್ಪೇನ್ 2013ರಲ್ಲಿ ಅದೇ ಔಷಧಿಗೆ ಅನುಮತಿ ಕೊಟ್ಟಿತು. ಗೈಡ್ ಇದನ್ನು ಹೇಳುವಾಗ ಅವರ ದನಿ ಗಡಸಾಯಿತು. ನನಗೂ ಸಿಟ್ಟು ಬಂತು, ಈಗಲೂ ಇದೆ.

ಆದರೆ ನಾವು ಹೋಗಿದ್ದು ಮುಖ್ಯವಾಗಿ ಕ್ರೇನ್‌ಗಳಿಗಾಗಿ. ನಾಲ್ಕು ಅಡಿ ಎತ್ತರದ ಬೂದು ಹಕ್ಕಿ, ನೆತ್ತಿಯ ಮೇಲೆ ಒಂದು ಕೆಂಪು ಮಚ್ಚೆ. ಬೇಸಿಗೆಯಲ್ಲಿ ಸ್ವೀಡನ್, ಫಿನ್ಲೆಂಡ್, ಜರ್ಮನಿ, ಪೋಲೆಂಡ್ ಕಡೆ ಮರಿ ಮಾಡುತ್ತವೆ. ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕೆ ಹೊರಟು ನವೆಂಬರಿನಲ್ಲಿ ಎಸ್ತ್ರೆಮದೂರಾ ತುಂಬುತ್ತವೆ. ಒಂದು ಲಕ್ಷಕ್ಕೂ ಮಿಕ್ಕಿ ಹಕ್ಕಿಗಳು ಇಲ್ಲಿ ಚಳಿಗಾಲ ಕಳೆದು ಫೆಬ್ರವರಿ ಕೊನೆಗೆ ವಾಪಸ್ ಹೊರಡುತ್ತವೆ. ಅವುಗಳಿಗೆ ಊಟ ದೆಹೇಸಾದಲ್ಲಿ. ದೆಹೇಸಾ ಅಂದರೆ ಪೂರ್ತಿ ಕಾಡೂ ಅಲ್ಲ, ಹೊಲವೂ ಅಲ್ಲ. ಓಕ್ ಮರಗಳನ್ನು ದೂರ ದೂರ ಉಳಿಸಿ, ಕೆಳಗೆ ಕುರಿ, ದನ, ಕರಿ ಹಂದಿ ಮೇಯಿಸುವ ಜಾಗ. ಚಳಿಗಾಲದಲ್ಲಿ ಓಕ್ ಕಾಯಿ ನೆಲಕ್ಕೆ ಉದುರುತ್ತದೆ. ಹಂದಿಯೂ ತಿನ್ನುತ್ತದೆ, ಕ್ರೇನೂ ತಿನ್ನುತ್ತದೆ. ಶತಮಾನಗಳಿಂದ ಜನ ಆ ಮರಗಳನ್ನು ಸವರಿ, ನೋಡಿಕೊಂಡು ಬಂದದ್ದರಿಂದಲೇ ಹಕ್ಕಿಗೂ ಪಾಲು ಸಿಕ್ಕಿದೆ.

ಇನ್ನೊಂದು ಊಟದ ಜಾಗ ಭತ್ತದ ಗದ್ದೆ. ಹೌದು, ಭತ್ತ! 1952ರಲ್ಲಿ ಶುರುವಾದ ಬದಹೋಸ್ ಯೋಜನೆಯಲ್ಲಿ ಗ್ವಾದಿಯಾನಾ ನದಿಗೆ ಅಣೆಕಟ್ಟು ಕಟ್ಟಿ, ನಾಲೆ ತೋಡಿ, ಒಣನೆಲಕ್ಕೆ ನೀರು ತಂದರು. ನವಲ್‌ವಿಯಾರ್ ದೆ ಪೆಲಾ ಊರಿನ ಸುತ್ತ ಕೊಯ್ಲಾದ ಗದ್ದೆ, ಕೂಳೆ, ನಿಂತ ನೀರು, ನಾಲೆ ಏರಿ. ಮಂಜು ಕವಿದ ಬೆಳಿಗ್ಗೆ ಆ ಏರಿ ಮೇಲೆ ನಡೆಯುವಾಗ ಮಂಡ್ಯದವಳಾದ ನನಗೆ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ. ಸಾಲದ್ದಕ್ಕೆ ವಿದ್ಯುತ್ ತಂತಿಯ ಮೇಲೆ ರಾಮದಾಸ ಹದ್ದು. ಏರಿ ಮೇಲೆ ಚಂದ್ರಮುಕುಟ. ನಾಲೆಯಲ್ಲಿ ಮಿಂಚುಳ್ಳಿ. ಮೂರೂ ನಮ್ಮೂರಲ್ಲಿ ದಿನಾ ಕಾಣುವ ಹಕ್ಕಿಗಳೇ.

ಜೊಂಡಿನ ಒಳಗೆ ಪುಟ್ಟ ಹಕ್ಕಿಗಳ ಹಿಂಡೊಂದು ಚಿಲಿಪಿಲಿ ಅನ್ನುತ್ತಿತ್ತು. ಕೆಂಪು ಕೊಕ್ಕು, ಕೆಂಪು ಬೆನ್ನಡಿ, ರೆಕ್ಕೆಯ ಮೇಲೆ ಬಿಳಿ ಚುಕ್ಕೆ. ಗೈಡ್ ನನ್ನ ಕಡೆ ತಿರುಗಿ, "ಇವು ನಿಮ್ಮ ದೇಶದವು" ಅಂದರು. ಕೆಂಪು ರಾಟವಾಳ. ಪಂಜರದಲ್ಲಿ ಮಾರಲು ಏಷ್ಯಾದಿಂದ ಹಿಡಿದು ತಂದಿದ್ದರಂತೆ. ತಪ್ಪಿಸಿಕೊಂಡವು, ಇಲ್ಲ ಯಾರೋ ಬಿಟ್ಟರು. 1970ರ ದಶಕದಿಂದ ಗ್ವಾದಿಯಾನಾ ಕಣಿವೆಯಲ್ಲೇ ಸಂಸಾರ ಹೂಡಿವೆ. ಗುಂಪಿನ ಉಳಿದವರು ಮುಂದೆ ಹೋದರು. ನಾನು ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ಸಂಜೆ ಕ್ರೇನ್‌ಗಳು ಮಲಗಲು ನೀರಿಗೆ ಬರುತ್ತವೆ. ಆಳವಿಲ್ಲದ ನೀರಿನಲ್ಲಿ ನಿಂತೇ ನಿದ್ದೆ. ಮೊದಲು ಸದ್ದು ಬರುತ್ತದೆ, ಆಮೇಲೆ ಗೆರೆ ಗೆರೆಯಾಗಿ ಹಕ್ಕಿ. ಕಹಳೆ ಊದಿದಂಥ ಕೂಗು ಮೈಲಿ ದೂರಕ್ಕೆ ಕೇಳುತ್ತದೆ. ಗೈಡ್ ಮಕ್ಕಳನ್ನು ಹತ್ತಿರ ಕರೆದು, "ಈಗ ಸರಿಯಾಗಿ ಕೇಳಿ, ಆ ದೊಡ್ಡ ಕೂಗುಗಳ ನಡುವೆ ಒಂದು ಸಣ್ಣ ಸಿಳ್ಳೆ ಇದೆ" ಅಂದರು. ಇತ್ತು. ಅದು ಆ ವರ್ಷದ ಮರಿಯ ದನಿ. ಮರಿಗೆ ಇನ್ನೂ ಕಹಳೆ ದನಿ ಬಂದಿರುವುದಿಲ್ಲ. ತಲೆಯೂ ಕಂದು ಬಣ್ಣ. ದೂರದರ್ಶಕದಲ್ಲಿ ನೋಡಿದರೆ ಇಡೀ ಹಿಂಡು ಚಿಕ್ಕ ಚಿಕ್ಕ ಸಂಸಾರಗಳಾಗಿ ನಿಂತಿತ್ತು. ಅಪ್ಪ, ಅಮ್ಮ, ಒಂದೋ ಎರಡೋ ಮರಿ. ಕ್ರೇನ್ ಮರಿಗೆ ದಕ್ಷಿಣದ ದಾರಿ ಹುಟ್ಟಿನಿಂದ ಪೂರ್ತಿ ಗೊತ್ತಿರುವುದಿಲ್ಲ. ಮೊದಲ ಸಲ ಹೆತ್ತವರ ಜೊತೆಗೇ ಹಾರಿ ಕಲಿಯುತ್ತದೆ. ಎಲ್ಲಿ ಇಳಿಯಬೇಕು, ಯಾವ ಕೆರೆಯಲ್ಲಿ ಮಲಗಬೇಕು, ಎಲ್ಲವೂ ಹಾಗೇ. ಇಡೀ ಚಳಿಗಾಲ ಪಕ್ಕದಲ್ಲೇ ಇರುತ್ತದೆ.

ವ್ಯಾನಿನಲ್ಲಿ ಮಗಳು ಸುಮ್ನೆ ಕೂತಿದ್ದಳು. ಆಮೇಲೆ ಕೇಳಿದಳು, "ಅಮ್ಮಾ, ಕ್ರೇನ್ ಮರಿಗೆ ಶನಿವಾರದ ಕ್ಲಾಸ್ ಇಲ್ವಾ? ನಮ್ಮ ಕನ್ನಡ ಕ್ಲಾಸಿಗೆ ಯಾಕೆ ಅಪ್ಪ ಅಮ್ಮ ಯಾರೂ ಒಳಗೆ ಬರಲ್ಲ?"

ಅವಳು ಕೇಳಿದ್ದು ನನ್ನನ್ನು ಮಾತ್ರ ಅಲ್ಲ, ನಮ್ಮೆಲ್ಲರನ್ನೂ. ಶನಿವಾರ ಹತ್ತು ಗಂಟೆಗೆ ಮಕ್ಕಳನ್ನು ಬಾಗಿಲಲ್ಲಿ ಇಳಿಸುತ್ತೇವೆ. ತರಕಾರಿ ತರಲು ಹೋಗುತ್ತೇವೆ, ಇಲ್ಲ ಕಾರಿನಲ್ಲೇ ಕೂತು ಫೋನ್ ನೋಡುತ್ತೇವೆ. ಒಳಗೆ ಮಕ್ಕಳು ಅ ಆ ಇ ಈ ತಿದ್ದುತ್ತಾರೆ. ಚೆನ್ನಾಗಿಯೇ ತಿದ್ದುತ್ತಾರೆ. ಹೊರಗೆ ಬಂದ ಕೂಡಲೇ ಇಂಗ್ಲಿಷು. ನಾವು ದೊಡ್ಡವರು ಒಬ್ಬರಿಗೊಬ್ಬರು ಕನ್ನಡ ಮಾತಾಡುವುದನ್ನು ಆ ಮಕ್ಕಳು ಎಲ್ಲಿ ಕೇಳಬೇಕು? ಜಗಳ, ಹರಟೆ, ಊರಿನ ಸುದ್ದಿ, ಅಡುಗೆ ಮಾತು, ಇದೆಲ್ಲ ಪುಸ್ತಕದಲ್ಲಿ ಇಲ್ಲ. ನನ್ನ ಬೇಡಿಕೆ ಇಷ್ಟೇ. ತರಗತಿಯ ಕೊನೆಯ ಅರ್ಧ ಗಂಟೆ ಪ್ರತಿ ಮನೆಯಿಂದ ಒಬ್ಬರು ಒಳಗೆ ಬಂದು ಕೂತುಕೊಳ್ಳಿ. ಪಾಠ ಮಾಡಬೇಡಿ. ಮಕ್ಕಳ ಜೊತೆ, ನಿಮ್ಮ ನಿಮ್ಮಲ್ಲಿ, ಕನ್ನಡದಲ್ಲಿ ಮಾತಾಡಿ. ಧಾರವಾಡದ ಮಾತು, ಕುಂದಾಪುರದ ಮಾತು, ಮಂಡ್ಯದ ಮಾತು, ಎಲ್ಲ ಅವರ ಕಿವಿಗೆ ಬೀಳಲಿ. ಅಜ್ಜ ಅಜ್ಜಿ ಊರಿಂದ ಬಂದಿದ್ದರೆ ಮೊದಲು ಅವರನ್ನು ಕರೆತನ್ನಿ. ನಮ್ಮ ಇಬ್ಬರು ಶಿಕ್ಷಕಿಯರು ವರ್ಷಗಳಿಂದ ಈ ತರಗತಿಯನ್ನು ಎಳೆಯುತ್ತಿದ್ದಾರೆ. ಅವರಲ್ಲಿ ಒಬ್ಬರು ಏಪ್ರಿಲ್‌ನಲ್ಲಿ ಮೈಸೂರಿಗೆ ವಾಪಸ್ ಹೋಗುತ್ತಿದ್ದಾರೆ. ಅವರ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ದಯವಿಟ್ಟು ಯೋಚಿಸಿ.

ಇನ್ನು ಸೂಚನೆಗಳು, ಗಡಿಬಿಡಿಯಲ್ಲಿ. ಸಂಕ್ರಾಂತಿ ಕೂಟ ಹಬ್ಬದ ನಂತರದ ಶನಿವಾರ ಮಧ್ಯಾಹ್ನ 2ಕ್ಕೆ, ಎಂದಿನ ಸಭಾಂಗಣದಲ್ಲಿ. ಎಳ್ಳು, ಕೊಬ್ಬರಿ ಹೆಚ್ಚಲು ಹಿಂದಿನ ಸಂಜೆ ಆರು ಜನ ಬೇಕು. ಕಬ್ಬು ತರುವವರು ಸಿಕ್ಕಿದ್ದಾರೆ. ಚಿಕ್ಕ ಮಕ್ಕಳಿಗೆ ಎಲಚಿಹಣ್ಣು ಎರೆಯುವುದು 3 ಗಂಟೆಗೆ, ತಡ ಮಾಡಬೇಡಿ. ಪುರಂದರದಾಸರ ಆರಾಧನೆ ಪುಷ್ಯ ಅಮಾವಾಸ್ಯೆಗೆ ಹತ್ತಿರದ ಭಾನುವಾರ, ಹಾಡುವವರು ಮೊದಲೇ ಹೆಸರು ಕೊಡಿ. ಯುಗಾದಿ ನಾಟಕದ ತಾಲೀಮು ಫೆಬ್ರವರಿಯಿಂದ, ಗಂಡಸರ ಪಾತ್ರ ಎರಡು ಖಾಲಿ ಇವೆ. ಸದಸ್ಯತ್ವದ ಹಣ ಬಾಕಿ ಇರುವವರು ಖಜಾಂಚಿಯವರನ್ನು ಕಾಣಿ.

ಹೊಸದೊಂದು: ಜನವರಿಯ ಕೊನೆಯ ವಾರಾಂತ್ಯ, ಇಲ್ಲಿನ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯವರ ಬಿಗ್ ಗಾರ್ಡನ್ ಬರ್ಡ್‌ವಾಚ್. 1979ರಿಂದ ನಡೆದುಬಂದಿದೆ. ಒಂದು ಗಂಟೆ ನಿಮ್ಮ ತೋಟದಲ್ಲೋ ಪಾರ್ಕಿನಲ್ಲೋ ಕೂತು, ಪ್ರತಿ ಜಾತಿಯಲ್ಲೂ ಒಂದೇ ಹೊತ್ತಿಗೆ ಅತಿ ಹೆಚ್ಚು ಕಂಡ ಹಕ್ಕಿ ಎಷ್ಟು ಅಂತ ಬರೆದು ಕಳಿಸುವುದು. ನಾವು ಭಾನುವಾರ ಬೆಳಿಗ್ಗೆ 10ಕ್ಕೆ ಕೆರೆಯ ಪಕ್ಕದ ಪಾರ್ಕಿನಲ್ಲಿ ಸೇರಿ ಮಾಡೋಣ. ಎಣಿಕೆ ಕನ್ನಡದಲ್ಲೇ. ಮಕ್ಕಳ ಜೊತೆ ದೊಡ್ಡವರೂ ಇರಲೇಬೇಕು. ಬೈನಾಕ್ಯುಲರ್ ಇದ್ದವರು ತನ್ನಿ, ಇಲ್ಲದಿದ್ದರೂ ನಡೆಯುತ್ತದೆ. ಬಿಸಿ ಕಾಫಿ, ಖಾರ ಪೊಂಗಲ್ ನಾನು ತರುತ್ತೇನೆ.

ಯುಗಾದಿ ಸಂಚಿಕೆಗೆ ಲೇಖನ, ಮಕ್ಕಳ ಚಿತ್ರ ಫೆಬ್ರವರಿ ಕೊನೆಯೊಳಗೆ ಕಳಿಸಿ. ಪುಟ ಜೋಡಿಸಲು, ಕನ್ನಡ ಟೈಪ್ ಮಾಡಲು ಒಬ್ಬರು ಬೇಕೇ ಬೇಕು, ಒಬ್ಬಳ ಕೈಯಲ್ಲಿ ಇನ್ನು ಆಗುತ್ತಿಲ್ಲ. ಸಂಕ್ರಾಂತಿ ಕೂಟದ ದಿನ ಎಳ್ಳುಬೆಲ್ಲ ಹಂಚುವ ಟೇಬಲ್ ಹತ್ತಿರ ಇರುತ್ತೇನೆ. ತರಗತಿಗೆ ಬರುವವರೂ ಟೈಪ್ ಮಾಡುವವರೂ ಅಲ್ಲೇ ಹೆಸರು ಬರೆಸಿ.