ಮೊದಲು ಗ್ರೂಪ್, ಆಮೇಲೆ ಸ್ಕೋಪ್: ಟೆಕ್ಸಾಸ್‌ನ ಗೆಳೆಯನಿಗೊಂದು ಪತ್ರ

ಕಲಬುರಗಿ

ದೋಸ್ತ,

ನೀನು ಕಳಿಸಿದ ಟಾರ್ಗೆಟ್ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಪಿಸ್ತೂಲಿನ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಎಷ್ಟು ಕ್ಲಿಕ್ ತಿರುಗಿಸಲಿ ಅಂತ ಕೇಳಿದ್ದೀಯ. ಸದ್ಯಕ್ಕೆ ಒಂದೂ ಬೇಡ. ಸ್ಕೋಪಿನ ಮೇಲಿನ ಆ ಎರಡು ಡಯಲ್‌ಗಳ ಮುಚ್ಚಳ ಹಾಕಿಬಿಡು. ಮೂರು ಗುಂಡು ಹೊಡೆಯುತ್ತೀಯ, ತಿರುಗಿಸುತ್ತೀಯ. ಮತ್ತೆ ಮೂರು, ಮತ್ತೆ ತಿರುಗಿಸುತ್ತೀಯ. ನಡುವೆ, ನೀನೇ ಮನೆಯಲ್ಲಿ ತುಂಬುವ ತೋಟಾಗಳ ಮದ್ದಿನ ತೂಕವನ್ನೂ ಬದಲಿಸಿದ್ದೀಯ. ಗುಂಡು ಜಾಗ ಬಿಟ್ಟಿದ್ದು ಯಾವುದರಿಂದ ಅಂತ ಈಗ ಯಾರು ಹೇಳಬೇಕು?

ಇವನಿಗೇನು ಗೊತ್ತು ಅಂತ ನೀನು ನಗಬಹುದು. ಖರೇ, ನನ್ನ ಹತ್ತಿರ ಇರುವುದು 0.177 ಇಂಚಿನ ಛರ್ರೆ ಹಾರಿಸುವ ಏರ್‌ಗನ್. 20 ಜೌಲ್ ದಾಟದ ಈ ಅಳತೆಯ ಏರ್‌ಗನ್‌ಗೆ ಇಲ್ಲಿ ಲೈಸೆನ್ಸ್ ಬೇಡ. ಕಾಗದ ಬಿಟ್ಟು ಬೇರೇನನ್ನೂ ನಾನು ಹೊಡೆಯುವುದಿಲ್ಲ. ತೋಟಾ ತುಂಬುವ ಮಾತಂತೂ ದೂರ. 1959ರ ಶಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಿದರೆ ಜೈಲೇ ಗತಿ. ಬೇಟೆಯ ಬಾಗಿಲು 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಮುಚ್ಚುತ್ತಾ ಬಂತು. ಬೀದರ ಕಡೆ ಹುಲ್ಲುಗಾವಲಲ್ಲಿ ಕೃಷ್ಣಮೃಗ ಕುಪ್ಪಳಿಸಿದರೆ ಕ್ಯಾಮೆರಾ ಎತ್ತಬಹುದು, ಅಷ್ಟೇ. ನಿನ್ನೂರಿನ ಕಾಡುಹಂದಿಯ ಲೆಕ್ಕ ಬೇರೆ, ಅಲ್ಲಿನ ಕಾಯ್ದೆ ಬೇರೆ. ಆದರೆ ಸ್ಕೋಪ್, ನಳಿಕೆ, ಕೈ, ಈ ಮೂರರ ಜಗಳ ಎರಡು ಕಡೆಯೂ ಒಂದೇ ಅಲ್ವಾ?

ನಿನ್ನ ಕಂಟೆಂಡರ್ ನೋಡಿ ಖುಷಿಯಾಯ್ತು. ವಾರೆನ್ ಸೆಂಟರ್ ರೂಪಿಸಿದ್ದು, 1967ರಲ್ಲಿ ಪೇಟೆಗೆ ಬಂದದ್ದು. ನಳಿಕೆ ಮಡಚಿ ಒಂದೇ ತೋಟಾ ಇಡುವ ಪಿಸ್ತೂಲು. ಕೆಳಗಿನ ಕಟ್ಟಿಗೆ ಬಿಚ್ಚಿ ಪಿನ್ ತೆಗೆದರೆ ಬೇರೆ ನಳಿಕೆ ಕೂರಿಸಬಹುದು. ನೀನು ಆರಿಸಿದ 7-30 ವಾಟರ್ಸ್ ತೋಟಾ ಒಳ್ಳೆಯದೇ. ಹಳೆಯ 30-30 ತೋಟಾದ ಕತ್ತು ಕಿರಿದು ಮಾಡಿದ್ದು ಅದು, ಬುಡದಲ್ಲಿ ಅಂಚು ಇರುವುದರಿಂದ ಮಡಚುವ ನಳಿಕೆಗೆ ಹೇಳಿ ಮಾಡಿಸಿದಂತಿದೆ.

ಆದರೆ ಆ ಅಂಚಿನಲ್ಲೇ ಒಂದು ಮೋಸ ಇದೆ. ಅಂಚು ತಡೆಯುತ್ತದಲ್ಲ ಅಂತ, ಹೊಡೆದ ಕೇಸನ್ನು (ತೋಟಾದ ಖಾಲಿ ಹಿತ್ತಾಳೆ ಕೊಳವೆ) ಮತ್ತೆ ಅಳತೆಗೆ ಒತ್ತುವ ಅಚ್ಚು ಡೈಯನ್ನು ಪೂರ್ತಿ ಕೆಳಗಿಳಿಸಿ ಕೇಸಿನ ಭುಜ, ಅಂದರೆ ಕತ್ತಿನ ಕೆಳಗಿನ ಇಳಿಜಾರು, ಹಿಂದಕ್ಕೆ ತಳ್ಳಬೇಡ. ಹಾಗೆ ಮಾಡಿದರೆ ಹೊಡೆದಾಗ ಕೇಸು ಮುಂದಕ್ಕೆ ಹಿಗ್ಗುತ್ತದೆ. ಅದೇ ಕೇಸನ್ನು ಮತ್ತೆ ಮತ್ತೆ ಬಳಸಿದರೆ ಅಂಚಿನ ಸ್ವಲ್ಪ ಮೇಲೆ ಹಿತ್ತಾಳೆ ತೆಳ್ಳಗಾಗಿ, ಒಂದು ದಿನ ಅಲ್ಲೇ ಹರಿಯುತ್ತದೆ. ನಿನ್ನದೇ ನಳಿಕೆಯಲ್ಲಿ ಹೊಡೆದ ಕೇಸು, ಅದರಲ್ಲಿ ತೋಟಾ ಕೂರುವ ಗೂಡಿನ ಅಳತೆಗೆ ಹಿಗ್ಗಿರುತ್ತದೆ. ಪಿಸ್ತೂಲು ಸಲೀಸಾಗಿ ಮುಚ್ಚಿಕೊಳ್ಳುವಷ್ಟು ಮಾತ್ರ ಅದನ್ನು ಒತ್ತು, ಸಾಕು. ತೆಳುವಾದ ತಂತಿಯ ತುದಿ ಬಾಗಿಸಿ ಕೇಸಿನ ಒಳಗೆ ಬುಡದ ಹತ್ತಿರ ಆಡಿಸು. ಸಣ್ಣ ಗುಂಡಿ ತಗುಲಿತೋ, ಆ ಕೇಸು ಕಸಕ್ಕೆ.

ಮದ್ದಿನ ತೂಕ ನಾನು ಹೇಳುವುದಿಲ್ಲ, ನೀನೂ ಯಾರ ಬಾಯಿಮಾತು ಕೇಳಬೇಡ. ಮದ್ದಿನ ಕಂಪನಿಯವರ ಪುಸ್ತಕ ಇದೆ. ಕೆಳಗಿನ ಅಂಕಿಯಿಂದ ಶುರುಮಾಡಿ ಮೆಲ್ಲಗೆ ಏರು. ಬೋಲ್ಟ್ ರೈಫಲ್ ತಾಳುವ ಒತ್ತಡವನ್ನು ಈ ಮಡಚುವ ಚೌಕಟ್ಟು ತಾಳುವುದಿಲ್ಲ. ಹೊಡೆದ ಮೇಲೆ ನಳಿಕೆ ಬಿಚ್ಚುವುದು ಬಿಗಿಯಾಯ್ತು ಅಂದರೆ ಪ್ರೈಮರ್ (ಕೇಸಿನ ಬುಡದಲ್ಲಿ ಕಿಡಿ ಹತ್ತಿಸುವ ಪುಟ್ಟ ಬಟ್ಟಲು) ಚಪ್ಪಟೆ ಆಗಿದೆಯೋ ಇಲ್ಲವೋ ಅಂತ ಹುಡುಕುತ್ತಾ ಕೂರಬೇಡ. ಅಲ್ಲಿಗೇ ನಿಲ್ಲಿಸಿ ಕೆಳಗಿಳಿ.

ತೂಕದ ಮಾತು ಬಂತು ಅಂತ ಒಂದು ವಿಷಯ. ಸರಾಫ್ ಬಜಾರಿನ ಗೆಳೆಯನ ಅಂಗಡಿಯಲ್ಲಿ ನನ್ನ ಛರ್ರೆಗಳನ್ನು ತೂಗಿಸಿದೆ. ಅವನು ತೊಲೆ ಲೆಕ್ಕದವನು, ನಾನು ಗ್ರೇನ್ ಲೆಕ್ಕ ಹೇಳಿದಾಗ ನಕ್ಕ. ಆದರೆ ಬ್ರಿಟಿಷರ ಕಾಲದ ಒಂದು ತೊಲೆ ಅಂದರೆ ಸರಿಯಾಗಿ 180 ಗ್ರೇನ್! ನಿನ್ನ 120 ಗ್ರೇನಿನ ಗುಂಡು ಮುಕ್ಕಾಲು ತೊಲೆಗೂ ಕಡಿಮೆ. ನನ್ನ 8 ಗ್ರೇನಿನ ಛರ್ರೆ ಅರ್ಧ ಗ್ರಾಂ ಚಿಲ್ಲರೆ. ಅವನ ತಕ್ಕಡಿ 10 ಮಿಲಿಗ್ರಾಂವರೆಗೆ ತೋರಿಸುತ್ತದೆ. ಚಿನ್ನಕ್ಕೆ ಅಷ್ಟು ಸಾಕು. ಮದ್ದಿಗೆ ಸಾಲದು, ಯಾಕೆಂದರೆ ಗ್ರೇನಿನ ಹತ್ತನೇ ಒಂದು ಭಾಗ ಅಂದರೆ ಆರೂವರೆ ಮಿಲಿಗ್ರಾಂ ಅಷ್ಟೇ. ಅದು ಆ ತಕ್ಕಡಿಯ ಕಣ್ಣಿಗೇ ಬೀಳುವುದಿಲ್ಲ. ನೀನು ಕೊಂಡ ಅಗ್ಗದ ತಕ್ಕಡಿಗೆ ಒಂದು ಪರೀಕ್ಷೆ ಮಾಡು. ತೂಕ ಗೊತ್ತಿರುವ ಗುಂಡೊಂದನ್ನು ಆಗಾಗ ಇಟ್ಟು ನೋಡು. ಪ್ರತಿ ಸಲ ಬೇರೆ ಅಂಕಿ ತೋರಿಸಿದರೆ ಅದನ್ನು ಅಡುಗೆಮನೆಗೆ ಕೊಡು.

ಈಗ ಗ್ರೂಪಿನ ವಿಷಯ, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ತೂತು ಎಷ್ಟು ಹತ್ತಿರ ಬೀಳುತ್ತವೆ ಅನ್ನೋದು. ಮೂರು ಗುಂಡಿನ ಗ್ರೂಪ್ ಸುಳ್ಳು ಹೇಳುತ್ತದೆ. ಒಂದು ಇಂಚಿನದು ಫೋಟೋದಲ್ಲಿ ಚಂದ ಕಾಣುತ್ತದೆ, ಪಕ್ಕದಲ್ಲೇ ಅದೇ ಲೋಡಿನ, ಅಂದರೆ ಅದೇ ಗುಂಡು ಅದೇ ಮದ್ದಿನ, ಮೂರಿಂಚಿನದೂ ಇದೆ. ಚಂದದ್ದನ್ನು ನಂಬಿ ಕೆಟ್ಟದ್ದಕ್ಕೆ ಗಾಳಿಯ ಮೇಲೆ ತಪ್ಪು ಹೊರಿಸಿದ್ದೀಯ. ಒಂದೇ ಲೋಡು ಹಿಡಿದುಕೋ, ಐದೈದು ಹೊಡಿ, ಬೇರೆ ಬೇರೆ ದಿನ ಹೊಡಿ. ಎಲ್ಲ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿ. ಆಗ ಕಾಣುವ ತೂತುಗಳ ಗುಂಪೇ ನಿನ್ನ ನಿಜವಾದ ಗ್ರೂಪ್. ಗ್ರೂಪು ನಿಶಾನೆಯಿಂದ ನಾಲ್ಕಿಂಚು ಕೆಳಗಿದ್ದರೂ ಈಗ ಚಿಂತೆ ಬೇಡ.

ಭಾರದ ಗುಂಡು ಹಾಕಿದರೂ ಮೇಲೆ ಬಡಿಯಿತು, ಸ್ಕೋಪ್ ಕೆಟ್ಟಿದೆ ಅಂತ ಬರೆದಿದ್ದೀಯಲ್ಲ, ಸ್ಕೋಪ್ ಕೆಡಬೇಕಾಗಿಲ್ಲ. ಭಾರದ ಗುಂಡು ನಿಧಾನ ಹೋಗುತ್ತದೆ, ನಳಿಕೆಯೊಳಗೆ ಜಾಸ್ತಿ ಹೊತ್ತು ಇರುತ್ತದೆ. ಅಷ್ಟರಲ್ಲಿ ಒದೆತಕ್ಕೆ ಪಿಸ್ತೂಲಿನ ಮೂತಿ ಮೇಲೆದ್ದಿರುತ್ತದೆ. ಹತ್ತಿರದ ಗುರಿಯಲ್ಲಿ ಅದಕ್ಕೇ ಮೇಲೆ ಬೀಳುವುದು. ಹಿಡಿ ಸಡಿಲ ಆದರೂ ಹಾಗೇ. ಲೋಡು ಬದಲಾದರೆ ಜಾಗ ಬದಲಾಗುತ್ತದೆ ಅಂದಮೇಲೆ ಲೋಡು ನಿಲ್ಲುವ ಮೊದಲು ಸ್ಕೋಪ್ ತಿರುಗಿಸಿ ಏನು ಬಂತು?

ನನ್ನ ಸ್ಪ್ರಿಂಗ್ ಏರ್‌ಗನ್‌ಗೂ ಇದೇ ಚಾಳಿ. ಸ್ಪ್ರಿಂಗು ಹಿಂದೆ ಮುಂದೆ ಎರಡೂ ಕಡೆ ಒದೆಯುತ್ತದೆ. ಮುಷ್ಟಿ ಬಿಗಿ ಮಾಡಿದರೆ ಒಂದು ಕಡೆ, ಅಂಗೈ ಮೇಲೆ ಸುಮ್ನೆ ಮಲಗಿಸಿದರೆ ಇನ್ನೊಂದು ಕಡೆ. ಬಂದೂಕು ಊರುವ ಜಾಗಕ್ಕೆ ಕಟ್ಟಿಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ನೀನೂ ಎಳೆ. ಮರಳಿನ ಚೀಲ ಕಟ್ಟಿಗೆಯ ಕೆಳಗೆ ಇರಲಿ, ನಳಿಕೆಗೆ ತಾಗಬಾರದು. ಪಿಸ್ತೂಲಿನ ಸ್ಕೋಪನ್ನು ಕೈ ಚಾಚಿ ದೂರದಿಂದ ನೋಡಬೇಕು, ಕೆನ್ನೆ ಊರಲು ಜಾಗ ಇಲ್ಲ. ಕಣ್ಣು ಸ್ವಲ್ಪ ಪಕ್ಕಕ್ಕೆ ಸರಿದರೂ ನಿಶಾನೆ ಸರಿಯಬಹುದು. ಚಿತ್ರದ ಸುತ್ತ ಕಪ್ಪು ಅಂಚು ಸಮ ಇದೆಯೇ ನೋಡಿ ಆಮೇಲೆ ಟ್ರಿಗರ್ ಒತ್ತು. ಸ್ಕೋಪ್ ಹಿಡಿದಿರುವ ರಿಂಗಿನ ಸ್ಕ್ರೂ ಎಣ್ಣೆ ಒರೆಸಿ ಬಿಗಿ ಮಾಡಿದ್ದೀಯ ತಾನೇ?

ಬಿಸಿಲಿನ ಬಗ್ಗೆ ಕಲಬುರಗಿಯವನಿಗೆ ಹೇಳಬೇಕಾ? ಮೇ ತಿಂಗಳಲ್ಲಿ ಇಲ್ಲಿ 44 ಡಿಗ್ರಿ ಮುಟ್ಟುತ್ತದೆ, ಸಂಜೆಯಾದರೂ ಗೋಡೆ ಸುಡುತ್ತದೆ. ಬಿಸಿಯಾದಷ್ಟೂ ಹೆಚ್ಚಿನ ಮದ್ದುಗಳ ಒತ್ತಡ ಏರುತ್ತದೆ. ಚಳಿಯಲ್ಲಿ ಅಂಚಿಗೆ ತಂದ ಲೋಡು ಬೇಸಿಗೆಯಲ್ಲಿ ಅಂಚು ದಾಟಬಹುದು. ತೋಟಾ ಡಬ್ಬಿಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡ.

ಗುಂಡು ಆರಿಸುವಾಗಲೂ ನೋಡಿಕೋ. ರೈಫಲ್ ವೇಗಕ್ಕೆ ಮಾಡಿದ ಗಟ್ಟಿ ಗುಂಡು ಹದಿನಾಲ್ಕು ಇಂಚಿನ ನಳಿಕೆಯ ವೇಗಕ್ಕೆ ಅರಳದೆ ಸೂಜಿಯಂತೆ ದಾಟಿಹೋಗಬಹುದು. ಪ್ರಾಣಿ ಗಾಯದಲ್ಲೇ ಓಡಿ ಎಲ್ಲೋ ನರಳುತ್ತದೆ. ಬೇಟೆಯ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತೇ ಇದೆ, ಅದು ಇರಲಿ. ಹೊಡೆಯುವುದೇ ಆದರೆ ಇಂಥ ಪಿಸ್ತೂಲಿಗೆಂದೇ ಮಾಡಿದ ಗುಂಡು ತಗೋ, ನಿನ್ನ ಗ್ರೂಪು ಒಪ್ಪುವ ದೂರ ದಾಟಬೇಡ.

ಇಷ್ಟೆಲ್ಲ ಆದಮೇಲೆ ಕ್ಲಿಕ್. ಡಯಲ್ ಮೇಲೆ ಕಾಲು ಎಂಒಎ (ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ ಒಂದು ಎಂಒಎ) ಅಂತ ಇದ್ದರೆ, 100 ಗಜದಲ್ಲಿ ಒಂದು ಕ್ಲಿಕ್ ಸುಮಾರು ಕಾಲು ಇಂಚು, 50 ಗಜದಲ್ಲಿ ಅದರರ್ಧ. 50 ಗಜದಲ್ಲಿ ಗ್ರೂಪಿನ ನಡುಮಧ್ಯ ಎರಡಿಂಚು ಕೆಳಗಿದ್ದರೆ ಮೇಲಕ್ಕೆ 16 ಕ್ಲಿಕ್. ಅಳೆಯುವುದು ಗ್ರೂಪಿನ ನಡುವಿನಿಂದ, ನಿನಗೆ ಇಷ್ಟವಾದ ತೂತಿನಿಂದ ಅಲ್ಲ. ತಿರುಗಿಸಿ ಇನ್ನೈದು ಹೊಡಿ. ನಮ್ಮ ಕೋಟೆಯ ಮೇಲಿನ ಬಾರಾ ಗಜೀ ತೋಪಿಗೆ ಈ ರಗಳೆಯೇ ಇರಲಿಲ್ಲ ನೋಡು, ಅಷ್ಟುದ್ದದ ನಳಿಕೆ, ಸ್ಕೋಪಿಲ್ಲ, ಕ್ಲಿಕ್ಕಿಲ್ಲ.

ಮುಂದಿನ ಫೋಟೋ ಕಳಿಸುವಾಗ ಲೋಡು, ದೂರ, ಅವತ್ತಿನ ಬಿಸಿ, ಮೂರನ್ನೂ ಕಾಗದದ ಮೂಲೆಯಲ್ಲಿ ಬರೆದು ಕಳಿಸು. ಕೆಟ್ಟ ಗ್ರೂಪುಗಳನ್ನು ಮುಚ್ಚಿಡಬೇಡ. ಮತ್ತೆ, ಅವ್ವ ನಿನ್ನ ಫೋನಿಗೆ ಕಾಯುತ್ತಿದ್ದಾಳೆ. ಹೊಸ ತೊಗರಿಬೇಳೆ ಎಷ್ಟು ಕಿಲೋ ಕಟ್ಟಿಸಬೇಕು ಅಂತ ಅವಳಿಗೇ ಹೇಳು, ನನ್ನನ್ನು ನಡುವೆ ಎಳೆಯಬೇಡ.

ನಿನ್ನ ದೋಸ್ತ