ಗೋಡೆಗೆ ಭಾಸ್ಕರನ ಚಿತ್ರ ಸಾಲದು, ಲೆಕ್ಕವನ್ನೂ ಬರೆಸಿ

ವಿಜಯಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ರಾಮಾನುಜನ್ ಹುಟ್ಟಿದ ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನ. ಅದಕ್ಕೆಂದು ಶಾಲೆಯ ಗೋಡೆಗಳ ಮೇಲೆ ಗಣಿತಜ್ಞರ ಚಿತ್ರ ಬರೆಸುವುದುಂಟು. ಆರ್ಯಭಟ, ಬ್ರಹ್ಮಗುಪ್ತ, ಭಾಸ್ಕರ ಇವರ ಕಾಲದ ಚಿತ್ರ ಯಾವುದೂ ಉಳಿದಿಲ್ಲ. ಗೋಡೆಯ ಮೇಲಿನ ಗಡ್ಡ, ಪೇಟ ಎಲ್ಲ ಕಲಾವಿದನ ಕಲ್ಪನೆ. ನಿಜವಾಗಿ ಉಳಿದಿರುವುದು ಅವರ ಲೆಕ್ಕ. ಪ್ರತಿ ಚಿತ್ರದ ಕೆಳಗೆ ಅವರದೇ ಒಂದು ಲೆಕ್ಕವನ್ನು ಬಿಡಿಸಿ ಬರೆಸಿ ಎಂಬುದು ನಮ್ಮ ಕೋರಿಕೆ.

ಭಾಸ್ಕರನ ‘ಲೀಲಾವತಿ’ಯ ಬಿದಿರಿನ ಲೆಕ್ಕ ನೋಡಿ. 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿದೆ. ಮುರಿದದ್ದು ಎಷ್ಟು ಎತ್ತರದಲ್ಲಿ? 16ರ ವರ್ಗ 256. ಅದನ್ನು 32ರಿಂದ ಭಾಗಿಸಿದರೆ 8. 32ರಲ್ಲಿ 8 ಕಳೆದು ಅರ್ಧ ಮಾಡಿದರೆ 12 ಮೊಳ. ತಾಳೆ ನೋಡಲು 144ಕ್ಕೆ 256 ಕೂಡಿಸಿ: 400, ಅಂದರೆ 20ರ ವರ್ಗ. 12 ಮತ್ತು 20 ಕೂಡಿದರೆ 32.

ಇದನ್ನು ಮಕ್ಕಳು ಗೋಡೆಯ ಮೇಲೆಯೇ ಮಾಡಿ ನೋಡಬಹುದು. ಬಿದಿರಿನ ಬದಲು ಬುಡದಲ್ಲಿ ಕಟ್ಟಿದ ಹಗ್ಗ, ಮುರಿದ ಜಾಗದಲ್ಲಿ ಅದನ್ನು ಹಾಯಿಸಲು ಒಂದು ಮೊಳೆ. ಮೊಳಕ್ಕೆ 10 ಸೆಂ.ಮೀ. ಹಿಡಿದರೆ ಹಗ್ಗ 320 ಸೆಂ.ಮೀ., ಮೊಳೆಯ ಎತ್ತರ 120, ತುದಿ ತಾಗಬೇಕಾದ ಜಾಗ 160. ಹಗ್ಗವನ್ನು ಮೊದಲೇ ಅಳೆದು ಕತ್ತರಿಸಿದರೆ ಲೆಕ್ಕ ತಪ್ಪುತ್ತದೆ. ಗಂಟಿಗೆ 5 ಸೆಂ.ಮೀ. ಹೋದರೂ ತುದಿ 154ರ ಹತ್ತಿರವೇ ನಿಲ್ಲುತ್ತದೆ. ಆದ್ದರಿಂದ ಗಂಟು ಹಾಕಿದ ಮೇಲೆ ಅಳೆಯಬೇಕು, ಹಿಗ್ಗದ ಹಗ್ಗವೇ ಬೇಕು. ಪಡಸಾಲೆಯ ನೆಲ ನೀರು ಹರಿಯಲೆಂದು ಹೊರಗಡೆಗೆ ಇಳಿಜಾರಾಗಿರುತ್ತದೆ. ಹಾಗಾಗಿ ತ್ರಿಭುಜವನ್ನು ಗೋಡೆಯ ಉದ್ದಕ್ಕೇ ಎಳೆಯಬೇಕು, ಗೋಡೆಯಿಂದ ಆಚೆಗೆ ಅಲ್ಲ.

ಪ್ರೌಢಶಾಲೆಗಳಿಗೆ ಭಾಸ್ಕರನ ‘ಬೀಜಗಣಿತ’ದಲ್ಲಿರುವ, ಒಂದೇ ಕ್ರಮವನ್ನು ಮತ್ತೆ ಮತ್ತೆ ಮಾಡುತ್ತ ಉತ್ತರ ತಲುಪುವ ಚಕ್ರವಾಲ ವಿಧಾನ ತಕ್ಕದ್ದು. ಒಂದು ಪೂರ್ಣಾಂಕದ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ವರ್ಗವೇ ಬರಬೇಕು. ಮೊದಲ ಜೋಡಿ 8 ಮತ್ತು 1: 8ರ ವರ್ಗದಿಂದ 1ರ ವರ್ಗದ 61 ಪಟ್ಟು ಕಳೆದರೆ 3 ಉಳಿಯುತ್ತದೆ, ಅಲ್ಲಿಂದ ಶುರು. ಈಗ 8ಕ್ಕೆ ಕೂಡಿಸಿದರೆ 3ರಿಂದ ಭಾಗವಾಗುವ, ವರ್ಗ ಮಾಡಿದರೆ 61ಕ್ಕೆ ಸಮೀಪವಿರುವ ಸಂಖ್ಯೆ ಬೇಕು: 7. ಅವಸರದಲ್ಲಿ 8 ಹಿಡಿದರೆ ಭಿನ್ನರಾಶಿ ಬರುತ್ತದೆ. 7 ಹಿಡಿದರೆ ಮುಂದಿನ ಜೋಡಿ 39 ಮತ್ತು 5: 39ರ ವರ್ಗ 1521ರಲ್ಲಿ 5ರ ವರ್ಗದ 61 ಪಟ್ಟು, ಅಂದರೆ 1525 ಕಳೆದರೆ −4. ಇಲ್ಲಿಂದ, ಎರಡು ಜೋಡಿಗಳನ್ನು ಸೇರಿಸಿ ಹೊಸ ಜೋಡಿ ಪಡೆಯುವ ಬ್ರಹ್ಮಗುಪ್ತನ ಭಾವನಾ ಸೂತ್ರ ದಾರಿ ಮುಗಿಸುತ್ತದೆ. ಉತ್ತರ 22,61,53,980 ಮತ್ತು 1,76,63,19,049. ಫ್ರಾನ್ಸಿನ ಗಣಿತಜ್ಞ ಫರ್ಮಾ ಇದೇ 61ನ್ನು ಯುರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟದ್ದು 1657ರಲ್ಲಿ. ಭಾಸ್ಕರನ ಗ್ರಂಥ 1150ರದು. ಎಷ್ಟು ಸೊಗಸಾದ ಕೆಲಸ! ನಮ್ಮ ಮಕ್ಕಳಿಗೆ ಇದು ಹೆಸರಾಗಿಯೂ ತಲುಪಿಲ್ಲ.

ಬರೆಸುವ ಮುನ್ನ ಕೆಲವು ತಪ್ಪು ತಿದ್ದಬೇಕು. “ಸೊನ್ನೆ ಕಂಡುಹಿಡಿದವನು ಆರ್ಯಭಟ” ಎಂದು ಬರೆಯಬೇಡಿ. ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದಿಟ್ಟವನು ಬ್ರಹ್ಮಗುಪ್ತ, 628ರಲ್ಲಿ. ಆರ್ಯಭಟನಿಗೆ ಅವನದೇ ಹಿರಿಮೆಯಿದೆ: 499ರಲ್ಲಿ ವ್ಯಾಸ 20,000ಕ್ಕೆ ಪರಿಧಿ 62,832 ಎಂದ, ಅದು ‘ಆಸನ್ನ’, ಅಂದರೆ ಸಮೀಪದ ಬೆಲೆ ಎಂದೂ ಹೇಳಿದ. ನೃಪತುಂಗನ ಕಾಲದ ಮಹಾವೀರಾಚಾರ್ಯ, ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ಪೂವಿನಬಾಗೆಯ ರಾಜಾದಿತ್ಯ, ಕೇರಳದ ಮಾಧವ ಇವರಿಗೂ ಜಾಗ ಸಿಗಲಿ.

ಭಾಸ್ಕರ ಹುಟ್ಟಿದ್ದು 1114ರಲ್ಲಿ. ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಅವನೇ ಹೇಳಿದ್ದಾನೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ. ಅವನ ಮೊಮ್ಮಗ ಚಾಂಗದೇವನ ಶಾಸನ ಸಿಕ್ಕ, ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದ ಕಡೆ ಎನ್ನುವವರೂ ಇದ್ದಾರೆ. ಹಾಗಿರುವಾಗ “ಇಲ್ಲೇ ಹುಟ್ಟಿದ” ಎಂದು ಕಲ್ಲಿನಲ್ಲಿ ಕೆತ್ತಿಸುವುದು ಬೇಡ. ಅವನ ಲೆಕ್ಕ ಬಲ್ಲ ಮಕ್ಕಳು ಈ ಜಿಲ್ಲೆಯಲ್ಲಿ ಹೆಚ್ಚಿದರೆ ನಮ್ಮ ಅಭಿಮಾನಕ್ಕೆ ಅಷ್ಟೇ ಸಾಕು.

ಬಣ್ಣದವರಿಗೆ ಕೆಲಸ ಒಪ್ಪಿಸುವ ಮೊದಲು ಬರಹದ ಕರಡನ್ನು ಪ್ರತಿ ತಾಲೂಕಿನ ಇಬ್ಬರು ಗಣಿತ ಶಿಕ್ಷಕರಿಗೆ ತೋರಿಸುವಂತೆ ಉಪನಿರ್ದೇಶಕರಿಗೆ ಸೂಚಿಸಿ. ವರ್ಗದ ಚಿಹ್ನೆಯಾದ ಮೇಲಿನ ಸಣ್ಣ 2 ಗೋಡೆಗೆ ಬರುವಾಗ ಸಾಲಿಗಿಳಿದು ‘82’ ಆಗಿಬಿಡುವುದುಂಟು. ಬರೆದ ಮೇಲೂ ಅವರೇ ಬಂದು ಇನ್ನೊಮ್ಮೆ ನೋಡಲಿ.

ಇಂತಿ,
ವಿಜಯಪುರ ಜಿಲ್ಲೆಯ ಗಣಿತ ಶಿಕ್ಷಕರು