ವ್ಯಾಪಾರ ಕಾನೂನು ಬಾಯಿಪಾಠ ಆಗದಿರಲಿ

ಮಾನ್ಯರೇ,

ಬಿ.ಕಾಂ. ಮಕ್ಕಳು ವ್ಯಾಪಾರ ಕಾನೂನನ್ನು ಪರೀಕ್ಷೆಗಷ್ಟೇ ಬಾಯಿಪಾಠ ಮಾಡುತ್ತಿದ್ದಾರೆ. ಪಾಲುದಾರಿಕೆಗೂ ಕಂಪನಿಗೂ ಇರುವ ವ್ಯತ್ಯಾಸ ಐದು ಅಂಕದ ಪ್ರಶ್ನೆ ಅಲ್ಲ, ಮನೆಮಠ ಉಳಿಸುವ ವಿಷಯ.

ನನ್ನ ಅಣ್ಣನೂ ಬಿ.ಕಾಂ. ಓದಿದವರೇ. ಗೆಳೆಯನ ಜತೆ ಬಟ್ಟೆ ಅಂಗಡಿ ಇಟ್ಟರು. ಗೆಳೆಯ ಅಂಗಡಿ ಹೆಸರಲ್ಲಿ ಮಾಡಿದ ಸಾಲಕ್ಕೆ ಅಣ್ಣ ತಮ್ಮ ಸೈಟು ಮಾರಬೇಕಾಯಿತು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರನೂ ಪೂರ್ತಿ ಹೊಣೆ. ಪಾಲು ಕಡಿಮೆ ಇದ್ದರೂ ಅಷ್ಟೇ. ಇದನ್ನು ಅವರೂ ಓದಿದ್ದರು, ಆದರೆ ಅರ್ಥ ಆಗಿದ್ದು ಸೈಟು ಹೋದ ಮೇಲೆ.

2008ರ ಕಾಯ್ದೆಯ ಎಲ್‌ಎಲ್‌ಪಿಯಲ್ಲಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆಯಲ್ಲಿ, ಸಾಮಾನ್ಯವಾಗಿ ಪಾಲುದಾರರ ಸ್ವಂತ ಆಸ್ತಿಗೆ ರಕ್ಷಣೆ ಇದೆ. ಒಬ್ಬರೇ ವ್ಯಾಪಾರ ಮಾಡುವುದಾದರೆ 2013ರ ಕಂಪನಿ ಕಾಯ್ದೆಯಡಿ ಏಕವ್ಯಕ್ತಿ ಕಂಪನಿಗೂ ಅವಕಾಶವಿದೆ. ಆದರೆ ಬ್ಯಾಂಕಿಗೆ ಸ್ವಂತ ಜಾಮೀನು ಬರೆದುಕೊಟ್ಟರೆ ಆ ಸಾಲದ ಮಟ್ಟಿಗೆ ಈ ರಕ್ಷಣೆ ಉಳಿಯದು. ಇಂಥ ಮಾತನ್ನು ತರಗತಿಯಲ್ಲೇ ಬಿಡಿಸಿ ಹೇಳಬೇಕು, ಅಲ್ವಾ?

ವಿಶ್ವವಿದ್ಯಾಲಯಗಳು ಪ್ರತಿ ವಿದ್ಯಾರ್ಥಿಯಿಂದ ಒಂದು ಪಾಲುದಾರಿಕೆ ಪತ್ರವನ್ನು ಕನ್ನಡದಲ್ಲಿ ಬರೆಸಲಿ. ಅದಕ್ಕೆ ಆಂತರಿಕ ಅಂಕವನ್ನೂ ಕೊಡಲಿ.

– ಒಬ್ಬ ಓದುಗ, ದಾವಣಗೆರೆ